ಹೊಸ ಥಾರ್‌ನ ಹಿಂದಿನ ಹೌಸಿಂಗ್‌ನಲ್ಲಿ ನಾವು ಕೇಳಿದ ಲಾಕ್ ಇದೆಯೇ? ನೋಂದಣಿಗೆ ಮೊದಲೇ ತಿಳಿಯುವ ಬಗೆ

ಹೊಸ ಗಾಡಿಯ ಡೆಲಿವರಿಗೆ ಹೋದವರು ಬಣ್ಣದ ಮೇಲೆ ಗೀರು ಬಿದ್ದಿದೆಯೇ, ಸ್ಟೆಪ್ನಿ ಹೊಸದೇ, ಎರಡೂ ಕೀ ಕೊಟ್ಟಿದ್ದಾರೆಯೇ, ಜ್ಯಾಕು ಪಾನ ಇದೆಯೇ ಎಂದು ನೋಡುತ್ತಾರೆ. ಇವೆಲ್ಲ ನೋಡಬೇಕಾದವೇ, ಮತ್ತು ನೋಡಿದರೆ ಕಾಣುವಂಥವು. ಆದರೆ ಗಾಡಿ ಎಂಥ ಏರನ್ನು ಹತ್ತಬಲ್ಲದು, ಎಂಥ ಕೆಸರಿನಿಂದ ಹೊರಬರಬಲ್ಲದು ಎಂಬುದನ್ನು ನಿರ್ಧರಿಸುವ ಭಾಗಗಳಲ್ಲಿ ಕೆಲವು ಗಾಡಿಯ ಅಡಿಯಲ್ಲಿ, ಕಬ್ಬಿಣದ ಹೌಸಿಂಗ್‌ನ ಒಳಗೆ, ಎಣ್ಣೆಯಲ್ಲಿ ಮುಳುಗಿ ಕೂತಿರುತ್ತವೆ. ಅದೇ ಭಾಗ ಬೇಕೆಂದು ಕೇಳಿ, ಅದಕ್ಕೆಂದೇ ಹೆಚ್ಚಿನ ಬೆಲೆ ಕೊಟ್ಟು, ತಿಂಗಳುಗಟ್ಟಲೆ ಕಾದವರಿಗೂ ಅದು ಗಾಡಿಯಲ್ಲಿ ನಿಜವಾಗಿ ಇದೆಯೇ ಇಲ್ಲವೇ ಎಂಬುದು ತಿಳಿಯುವುದು ಸಾಮಾನ್ಯವಾಗಿ ಮೊದಲ ಮಳೆಗಾಲದಲ್ಲಿ ಗಾಡಿ ಹೂತುಕೊಂಡಾಗ. ಅಷ್ಟರಲ್ಲಿ ತೆರಿಗೆ ಕಟ್ಟಿ, ನೋಂದಣಿ ಮುಗಿದು, ಸಾಲದ ಕಂತುಗಳು ಆರಂಭವಾಗಿರುತ್ತವೆ.

ನಾನು ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಭಾಗದ ವಿಚಾರ: ಮಹೀಂದ್ರಾ ಥಾರ್‌ನ ಹಿಂದಿನ ಆಕ್ಸಲ್‌ನಲ್ಲಿ ಬರುವ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್. ಎಲ್ಲರೂ ಚಿಕ್ಕದಾಗಿ ಎಂಎಲ್‌ಡಿ ಎನ್ನುತ್ತಾರೆ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟದವರಿಗೆ ಈ ಮೂರಕ್ಷರದ ಬೆಲೆ ಹೇಳಬೇಕಾಗಿಲ್ಲ. ನಮ್ಮ ತೋಟದ ದಾರಿಗಳಲ್ಲಿ ಮುಂಗಾರು ಹಿಡಿದ ಮೇಲೆ ಕೊರಕಲು ಬೀಳುತ್ತದೆ, ಜೇಡಿಮಣ್ಣು ಟೈರಿನ ಹಲ್ಲುಗಳಲ್ಲಿ ತುಂಬಿಕೊಂಡು ಟೈರು ನುಣ್ಣಗಾಗುತ್ತದೆ, ಒಂದು ಕಡೆಯ ಚಕ್ರ ಕೊರಕಲಿಗೆ ಇಳಿದರೆ ಇನ್ನೊಂದು ಕಡೆಯದು ನೆಲದಿಂದ ಮೇಲೇಳುತ್ತದೆ. ಗಾಡಿಯಲ್ಲಿ ಆಳುಗಳಿರಬಹುದು, ಗೊಬ್ಬರದ ಮೂಟೆಗಳಿರಬಹುದು, ಆಸ್ಪತ್ರೆಗೆ ಕರೆದೊಯ್ಯಬೇಕಾದ ಮನೆಯ ಹಿರಿಯರೂ ಇರಬಹುದು. ಆ ಹೊತ್ತಿನಲ್ಲಿ ಹಿಂದಿನ ಎರಡೂ ಚಕ್ರಗಳು ಒಟ್ಟಿಗೆ ತಿರುಗುತ್ತವೆಯೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ.

ಡಿಫರೆನ್ಷಿಯಲ್‌ನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಿದರೆ ಮುಂದಿನ ಮಾತು ಸುಲಭವಾಗುತ್ತದೆ. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಮಗ್ಗುಲಿನ ಚಕ್ರ ಒಳಮಗ್ಗುಲಿನದಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ, ಆದ್ದರಿಂದ ಎರಡೂ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಇರಲೇಬೇಕು. ಆ ಅವಕಾಶವನ್ನು ಒದಗಿಸುವುದೇ ನಮ್ಮ ಮೆಕ್ಯಾನಿಕ್‌ಗಳು ಕ್ರೌನ್ ಹೌಸಿಂಗ್ ಎಂದು ಕರೆಯುವ ಆ ಉಬ್ಬಿದ ಗುಂಡಿನ ಒಳಗಿರುವ ಹಲ್ಲುಚಕ್ರಗಳ ಜೋಡಣೆ. ಸಾಧಾರಣ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮನಾದ ತಿರುಚುಬಲವನ್ನೇ ಕೊಡುತ್ತದೆ. ತೊಡಕು ಇರುವುದು ಇಲ್ಲಿಯೇ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬೇಕಾಗುವ ಬಲ ತೀರ ಕಡಿಮೆ, ಹಾಗಾಗಿ ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಕಡಿಮೆ ಬಲ ದಕ್ಕುತ್ತದೆ. ಎಂಜಿನ್ 300 ನ್ಯೂಟನ್ ಮೀಟರ್ ಟಾರ್ಕ್ ಕೊಡಬಲ್ಲದಾದರೂ ಆ ಗಳಿಗೆಯಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಫೋರ್ ವೀಲ್ ಹಾಕಿದ್ದರೂ ಮುಂದೊಂದು ಹಿಂದೊಂದು ಚಕ್ರ ಓರೆಯಾಗಿ ಹಿಡಿತ ಕಳೆದುಕೊಂಡರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಇದಕ್ಕೆ ಪರಿಹಾರವಾಗಿ ಎರಡು ಬಗೆಯ ವ್ಯವಸ್ಥೆಗಳು ನಮ್ಮ ಮಾರುಕಟ್ಟೆಯಲ್ಲಿ ಬಂದಿವೆ. ಮೊದಲನೆಯದು ಎಂಎಲ್‌ಡಿ. ಈಟನ್ ಕಂಪನಿಯ ಈ ಸಾಧನದ ಒಳಗೆ ಚಿಕ್ಕ ತೂಕಗಳನ್ನು ಹೊತ್ತ ಒಂದು ಗವರ್ನರ್ ಇರುತ್ತದೆ. ಎಡಬಲ ಚಕ್ರಗಳ ನಡುವಿನ ವೇಗದ ಅಂತರ ನಿಮಿಷಕ್ಕೆ ಸುಮಾರು 100 ಸುತ್ತು ದಾಟಿದ ಕೂಡಲೇ ತೂಕಗಳು ಹೊರಕ್ಕೆ ಸಿಡಿದು ಒಂದು ಕೊಂಡಿಗೆ ಸಿಕ್ಕಿಕೊಳ್ಳುತ್ತವೆ, ಒಳಗಿನ ಕ್ಲಚ್ ತಟ್ಟೆಗಳು ಒತ್ತಿಕೊಳ್ಳುತ್ತವೆ, ಎರಡೂ ಚಕ್ರಗಳು ಒಂದೇ ಅಚ್ಚಿನಂತೆ ತಿರುಗತೊಡಗುತ್ತವೆ. ಗಂಟೆಗೆ 30 ಕಿಲೋಮೀಟರ್‌ನ ಆಸುಪಾಸಿನ ವೇಗ ಮೀರಿದರೆ ಅದು ಲಾಕ್ ಆಗದಂತೆಯೂ ವ್ಯವಸ್ಥೆ ಮಾಡಿದ್ದಾರೆ, ಏಕೆಂದರೆ ಹೆದ್ದಾರಿಯ ವೇಗದಲ್ಲಿ ಹಿಂದಿನ ಚಕ್ರಗಳು ಏಕಾಏಕಿ ಬೆಸೆದುಕೊಂಡರೆ ಅಪಾಯ. ಇದರಲ್ಲಿ ವಿದ್ಯುತ್ತಿನ ತಂತಿಯಾಗಲಿ, ಸೆನ್ಸರ್ ಆಗಲಿ, ಚಾಲಕ ಒತ್ತಬೇಕಾದ ಗುಂಡಿಯಾಗಲಿ ಇಲ್ಲ.

ಎರಡನೆಯದು ಬ್ರೇಕ್ ಲಾಕಿಂಗ್ ಡಿಫರೆನ್ಷಿಯಲ್. ಹೆಸರಿನಲ್ಲಿ ಡಿಫರೆನ್ಷಿಯಲ್ ಎಂದಿದ್ದರೂ ಹೌಸಿಂಗ್‌ನ ಒಳಗೆ ಇದಕ್ಕಾಗಿ ಬೇರೆ ಏನನ್ನೂ ಇಟ್ಟಿರುವುದಿಲ್ಲ. ಬ್ರೇಕ್ ಹಿಡಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಸೆನ್ಸರ್‌ಗಳು ಯಾವ ಚಕ್ರ ಸುಮ್ಮನೆ ಸುತ್ತುತ್ತಿದೆ ಎಂಬುದನ್ನು ಗುರುತಿಸಿ, ಆ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಿಡಿಸುತ್ತವೆ. ಆಗ ಅದನ್ನು ತಿರುಗಿಸಲು ಹೆಚ್ಚಿನ ಬಲ ಬೇಕಾಗುವುದರಿಂದ ಅದೇ ಪ್ರಮಾಣದ ಬಲ ಇನ್ನೊಂದು ಬದಿಯ ಚಕ್ರಕ್ಕೂ ಸಿಗುತ್ತದೆ. ಇದು ಒಳ್ಳೆಯ ಉಪಾಯವೇ. ಬ್ರೇಕ್ ಇರುವ ಯಾವ ಚಕ್ರದ ಮೇಲಾದರೂ ಇದನ್ನು ಪ್ರಯೋಗಿಸಬಹುದು ಎಂಬ ಹೆಚ್ಚುಗಾರಿಕೆಯೂ ಇದಕ್ಕಿದೆ. ಊರಿನ ರಸ್ತೆಯಲ್ಲಿ ಓಡಾಡಿ, ವಾರಾಂತ್ಯಕ್ಕೊಮ್ಮೆ ಬೆಟ್ಟದ ಬುಡದವರೆಗೆ ಹೋಗಿ ಬರುವವರಿಗೆ ಇಷ್ಟು ಸಾಕು ಎಂದೇ ನನ್ನ ಅಭಿಪ್ರಾಯ. ಆದರೆ ಎಂಜಿನ್ ಹುಟ್ಟಿಸಿದ ಶಕ್ತಿಯ ಒಂದು ಪಾಲನ್ನು ಬ್ರೇಕಿನಲ್ಲಿ ಶಾಖವಾಗಿ ಕಳೆದೇ ಇದು ಕೆಲಸ ಮಾಡುತ್ತದೆ. ಚಕ್ರ ಸುತ್ತಲು ಆರಂಭಿಸಿದ ಮೇಲೆ ತುಸು ತಡವಾಗಿ ಬ್ರೇಕ್ ಹಿಡಿಯುವುದರಿಂದ ಆಕ್ಸಿಲರೇಟರ್ ಬಿಡದೆ ಕಾಯಬೇಕು. ಕೆಸರಿನ ಉದ್ದನೆಯ ಏರಿನಲ್ಲಿ, ಹೇರಿದ ಗಾಡಿಯಲ್ಲಿ, ದಿನಕ್ಕೆ ಹಲವು ಬಾರಿ ಇದೇ ಕೆಲಸ ಮಾಡಬೇಕಾದವರಿಗೆ ಕಬ್ಬಿಣದ ಲಾಕ್ ಬೇರೆಯೇ ಭರವಸೆ ಕೊಡುತ್ತದೆ.

ಥಾರ್‌ನಲ್ಲಿ ಈ ಎರಡರ ಇತಿಹಾಸವನ್ನು ತಿಳಿದುಕೊಂಡರೆ ಗೊಂದಲ ಎಲ್ಲಿ ಹುಟ್ಟುತ್ತದೆ ಎಂಬುದೂ ತಿಳಿಯುತ್ತದೆ. ಹಳೆಯ ಥಾರ್ ಸಿಆರ್‌ಡಿಇಗೆ 2015ರಲ್ಲಿ ಈಟನ್ ಲಾಕ್ ಬಂತು. 2020ರ ಅಕ್ಟೋಬರ್ 2ರಂದು ಬೆಲೆ ಪ್ರಕಟವಾಗಿ ಮಾರಾಟಕ್ಕೆ ಬಂದ ಎರಡನೆಯ ತಲೆಮಾರಿನ ಥಾರ್‌ನಲ್ಲಿ ಮೇಲಿನ ವೇರಿಯಂಟ್ ಆದ ಎಲ್‌ಎಕ್ಸ್ ಎಂದರೆ ಎಂಎಲ್‌ಡಿ ಇದೆ ಎಂದೇ ಜನ ತಿಳಿದಿದ್ದರು. 2023ರ ಜನವರಿಯಲ್ಲಿ 1.5 ಲೀಟರ್ ಡೀಸೆಲ್ ಎಂಜಿನ್‌ನ, ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಅಗ್ಗದ ಥಾರ್ ಬಂದಿತು. ಅದೇ ಹೊತ್ತಿಗೆ ಫೋರ್ ವೀಲ್ ಗಾಡಿಗಳಲ್ಲಿ ಬಾಷ್ ಜೊತೆ ಸೇರಿ ರೂಪಿಸಿದ ಬ್ರೇಕ್ ಲಾಕಿಂಗ್ ವ್ಯವಸ್ಥೆ ಬಂದು, ಎಂಎಲ್‌ಡಿ ಎಲ್‌ಎಕ್ಸ್ ಡೀಸೆಲ್‌ಗೆ ಮಾತ್ರ, ಅದೂ ಬೇಕೆಂದು ಕೇಳಿದವರಿಗೆ ಮಾತ್ರ ಸಿಗುವ ಆಯ್ಕೆಯಾಯಿತು. ಹೀಗೆ ಒಂದೇ ಬ್ಯಾಡ್ಜ್, ಒಂದೇ ಎಂಜಿನ್, ಒಂದೇ ಬಣ್ಣದ ಎರಡು ಗಾಡಿಗಳು ಯಾರ್ಡಿನಲ್ಲಿ ಅಕ್ಕಪಕ್ಕ ನಿಂತಿರಬಹುದು, ಒಂದರಲ್ಲಿ ಲಾಕ್ ಇರಬಹುದು, ಇನ್ನೊಂದರಲ್ಲಿ ಇಲ್ಲದಿರಬಹುದು. ವೇರಿಯಂಟ್ ಪಟ್ಟಿಗಳನ್ನು ಕಂಪನಿಗಳು ಆಗಾಗ ಬದಲಿಸುತ್ತಿರುತ್ತವೆಯಾದ್ದರಿಂದ ಯಾರೇ ಆಗಲಿ ಬುಕ್ ಮಾಡುವ ತಿಂಗಳಿನ ಬ್ರೋಷರ್ ಇಟ್ಟುಕೊಂಡೇ ಮಾತಾಡಬೇಕು, ನೆಂಟರು ಎರಡು ವರ್ಷದ ಹಿಂದೆ ಕೊಂಡ ಗಾಡಿಯನ್ನು ನೋಡಿ ಅಲ್ಲ.

ಬೇರೆ ಕೆಲವು ಗಾಡಿಗಳಲ್ಲಿ ಈ ತೊಂದರೆಯೇ ಇಲ್ಲ. ಫೋರ್ಸ್ ಗೂರ್ಖಾದಲ್ಲಿ ಮುಂದಿನ ಮತ್ತು ಹಿಂದಿನ ಎರಡೂ ಆಕ್ಸಲ್‌ಗೆ ಲಾಕ್ ಇದ್ದು, ಅವುಗಳ ಹಿಡಿಕೆ ಚಾಲಕನ ಕೈಗೆಟುಕುವಂತೆ ಇರುತ್ತದೆ. 2024ರ ಆಗಸ್ಟ್‌ನಲ್ಲಿ ಬಂದ ಥಾರ್ ರಾಕ್ಸ್‌ನ ಫೋರ್ ವೀಲ್ ಗಾಡಿಗಳಲ್ಲಿ ವಿದ್ಯುತ್ ಚಾಲಿತ ಲಾಕ್ ಇದ್ದು, ಅದಕ್ಕೆ ಗುಂಡಿಯೇ ಇದೆ. ಎಂಎಲ್‌ಡಿ ತಾನಾಗಿಯೇ ಕೆಲಸ ಮಾಡುವ ಸಾಧನವಾದ್ದರಿಂದ ಕ್ಯಾಬಿನ್‌ನಲ್ಲಿ ಕೂತು ಅದರ ಸುಳಿವು ಹುಡುಕುವುದು ವ್ಯರ್ಥ. ಡ್ಯಾಶ್‌ಬೋರ್ಡಿನಲ್ಲಿ ಟ್ರಾಕ್ಷನ್ ಕಂಟ್ರೋಲಿನ ಗುಂಡಿಯನ್ನು ತೋರಿಸಿ ಇದೇ ಲಾಕ್ ಎನ್ನುವವರ ಮಾತನ್ನು ನಂಬಬಾರದು.

ಹಾಗಾದರೆ ಕಾಗದಪತ್ರಗಳಿಂದ ಏನು ತಿಳಿಯುತ್ತದೆ? ನೋಂದಣಿಗೆ ಬೇಕಾಗುವ ಮುಖ್ಯ ದಾಖಲೆಗಳು ಮಾರಾಟಗಾರ ಕೊಡುವ ಫಾರ್ಮ್ 21 ಮತ್ತು ತಯಾರಕ ಕೊಡುವ ಫಾರ್ಮ್ 22. ಫಾರ್ಮ್ 21ರಲ್ಲಿ ಚಾಸಿ ನಂಬರು, ಎಂಜಿನ್ ನಂಬರು, ಸಿಸಿ, ಇಂಧನ, ಸಿಲಿಂಡರುಗಳ ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಆಸನಗಳ ಸಂಖ್ಯೆ, ಬಣ್ಣ ಇತ್ಯಾದಿ ಇರುತ್ತವೆ. ಫಾರ್ಮ್ 22 ವಾಹನವು ಹೊಗೆಯ ಮತ್ತು ಸುರಕ್ಷತೆಯ ನಿಯಮಗಳಿಗೆ ಒಳಪಟ್ಟಿದೆ ಎಂದು ಪ್ರಮಾಣೀಕರಿಸುತ್ತದೆ. ಎರಡರಲ್ಲಿಯೂ ಡಿಫರೆನ್ಷಿಯಲ್ ಎಂಥದ್ದು ಎಂಬುದಕ್ಕೆ ಜಾಗವೇ ಇಲ್ಲ. 17 ಅಕ್ಷರ ಮತ್ತು ಅಂಕಿಗಳ ಚಾಸಿ ನಂಬರಿನ ಹತ್ತನೆಯ ಸ್ಥಾನದ ಅಕ್ಷರದಿಂದ ವರ್ಷ ತಿಳಿಯುತ್ತದೆ: ಪಿ ಎಂದರೆ 2023, ಆರ್ ಎಂದರೆ 2024. ಹಳೆಯ ವರ್ಷದ ಗಾಡಿಯನ್ನು ತಳ್ಳಿಬಿಡುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಲು ಇದು ಉಪಯುಕ್ತವೇ ಹೊರತು ಆಕ್ಸಲ್‌ನ ಒಳಗಿನ ಸಂಗತಿ ಇದರಿಂದ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿ ಕಾರು ಕೊಂಡಿರುವ ಕನ್ನಡಿಗರಿಗೆ ಈ ಪರದಾಟ ವಿಚಿತ್ರವೆನಿಸಬಹುದು. ಅಲ್ಲಿ 1958ರ ಕಾಯ್ದೆಯ ಪ್ರಕಾರ ಪ್ರತಿಯೊಂದು ಹೊಸ ಕಾರಿನ ಕಿಟಕಿಯ ಮೇಲೆ ಒಂದು ಚೀಟಿ ಅಂಟಿಸಿರಲೇಬೇಕು. ಕಾರ್ಖಾನೆಯಲ್ಲಿ ಸೇರಿಸಿದ ಒಂದೊಂದು ಹೆಚ್ಚುವರಿ ಆಯ್ಕೆ ಮತ್ತು ಅದರ ಬೆಲೆ ಆ ಚೀಟಿಯಲ್ಲಿರುತ್ತದೆ, ಮಾರಾಟಗಾರ ಅದನ್ನು ಗಿರಾಕಿಗೆ ಒಪ್ಪಿಸುವ ಮೊದಲು ಕಿತ್ತುಹಾಕುವಂತಿಲ್ಲ. ಕಾಯ್ದೆಯನ್ನು ತಂದ ಒಕ್ಲಹೋಮದ ಸೆನೆಟರ್ ಮೈಕ್ ಮನ್ರೋನಿಯವರ ಹೆಸರಿನಿಂದಲೇ ಜನ ಆ ಚೀಟಿಯನ್ನು ಕರೆಯುತ್ತಾರೆ. ಜನರಲ್ ಮೋಟರ್ಸ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ಪ್ರತಿಯೊಂದು ಆಯ್ಕೆಗೂ ಮೂರಕ್ಷರದ ಸಂಕೇತ ಕೊಟ್ಟು, ಒಂದು ಗಾಡಿಯ ಎಲ್ಲ ಸಂಕೇತಗಳನ್ನೂ ಬಹುಕಾಲ ಗ್ಲೋವ್ ಬಾಕ್ಸಿನ ಒಳಗಿನ ಲೇಬಲ್ಲಿನಲ್ಲಿ ಅಚ್ಚುಹಾಕುತ್ತಿತ್ತು. ನಮ್ಮ ಥಾರ್‌ನ ಲಾಕ್ ಯಾವ ಈಟನ್ ವಂಶದ್ದೋ ಅದೇ ವಂಶದ ಲಾಕ್ ಆ ಕಂಪನಿಯ ಪಿಕಪ್ ಗಾಡಿಗಳಲ್ಲಿ 1970ರ ದಶಕದಿಂದ ಬರುತ್ತಿದೆ, ಅದರ ಸಂಕೇತ ಜಿ80. ಅಲ್ಲಿ ಹಳೆಯ ಪಿಕಪ್ ಕೊಳ್ಳುವ ರೈತ ಕೂಡ ಗ್ಲೋವ್ ಬಾಕ್ಸ್ ತೆಗೆದು ಜಿ80 ಇದೆಯೇ ಎಂದು ನೋಡಿ ಮುಂದಿನ ಮಾತಿಗೆ ಬರುತ್ತಾನೆ. ಇಷ್ಟು ಸರಳವಾದ ಒಂದು ಚೀಟಿಯನ್ನು ನಮ್ಮಲ್ಲಿ ಕಡ್ಡಾಯ ಮಾಡುವುದಕ್ಕೆ ಏನು ಅಡ್ಡಿ ಎಂಬುದು ನನಗೆ ಅರ್ಥವಾಗಿಲ್ಲ. ಲಕ್ಷಗಟ್ಟಲೆ ಬೆಲೆಯ ವಸ್ತುವಿನ ಒಳಗೆ ಏನಿದೆ ಎಂದು ಕೊಂಡವನಿಗೆ ಬರೆದುಕೊಡಬೇಕು ಎನ್ನುವುದು ದೊಡ್ಡ ಬೇಡಿಕೆಯಲ್ಲ.

ಆ ಚೀಟಿ ಇಲ್ಲದಿರುವಾಗ ನಾವೇ ಅದನ್ನು ಮಾಡಿಸಿಕೊಳ್ಳಬೇಕು. ಬುಕ್ಕಿಂಗ್ ಫಾರ್ಮಿನಲ್ಲಿ ಥಾರ್ ಎಲ್‌ಎಕ್ಸ್ ಡೀಸೆಲ್ ಎಂದು ಬರೆದು ರಸೀದಿ ಕೊಟ್ಟರೆ ಸಾಲದು. ಗೇರ್ ಮ್ಯಾನ್ಯುಯಲ್ಲೋ ಆಟೊಮ್ಯಾಟಿಕ್ಕೋ, ಫೋರ್ ವೀಲ್ ಹೌದೋ ಅಲ್ಲವೋ, ಮೇಲುಹೊದಿಕೆ ಗಟ್ಟಿಯದೋ ಬಟ್ಟೆಯದೋ, ಮತ್ತು ಎಂಎಲ್‌ಡಿ ಸಹಿತ ಎಂಬ ಮಾತು, ಇಷ್ಟೂ ಬರಹದಲ್ಲಿ ಇರಬೇಕು. ನಾನು ಬುಕ್ ಮಾಡಿದ ದಿನವೇ ಇಷ್ಟನ್ನೂ ಒಂದು ಇಮೇಲ್‌ನಲ್ಲಿ ಬರೆದು ಶೋರೂಮಿಗೆ ಕಳುಹಿಸಿ, ಹೌದು ಎಂಬ ಒಂದು ಸಾಲಿನ ಉತ್ತರವನ್ನು ತರಿಸಿಕೊಂಡಿದ್ದೆ. ಮುಂದೆ ಅದು ಬಹಳ ಕೆಲಸಕ್ಕೆ ಬಂತು.

ಗಾಡಿ ಬಂದಿದೆ, ಚಾಸಿ ನಂಬರು ಅಲಾಟ್ ಆಗಿದೆ ಎಂದು ಕರೆ ಬಂದಾಗ ನಾನು ಮೊದಲು ಪ್ರೊಫಾರ್ಮಾ ಇನ್‌ವಾಯ್ಸ್ ಕಳುಹಿಸುವಂತೆ ಕೇಳಿದೆ. ಅದರಲ್ಲಿ ಗಾಡಿಯ ವಿವರದ ಸಾಲಿನಲ್ಲಿ ಎಂಎಲ್‌ಡಿ ಎಂಬ ಮಾತು ಎಲ್ಲಿಯೂ ಇರಲಿಲ್ಲ. ವಿಚಾರಿಸಿದರೆ ಮಾರಾಟ ವಿಭಾಗದ ಹುಡುಗ ಬಹಳ ವಿನಯದಿಂದಲೇ, "ಸರ್, ಎಲ್‌ಎಕ್ಸ್ ಅಂದ್ರೆ ಟಾಪ್ ಮಾಡೆಲ್, ಎಲ್ಲಾ ಬಂದೇ ಬರುತ್ತೆ" ಎಂದ. ಅವನು ಸುಳ್ಳು ಹೇಳುತ್ತಿದ್ದ ಎಂದು ನನಗೆ ಅನ್ನಿಸಲಿಲ್ಲ, ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. ನಾನು ಶೋರೂಮಿನ ಮೇಜಿನಿಂದ ಎದ್ದು ಹಿಂಬದಿಯ ವರ್ಕ್‌ಶಾಪಿಗೆ ಹೋಗಿ, ಬಿಡಿಭಾಗಗಳ ಕೌಂಟರಿನಲ್ಲಿದ್ದ ಹಿರಿಯರಿಗೆ ಆ ಚಾಸಿ ನಂಬರು ಕೊಟ್ಟು, ಇದರ ಹಿಂದಿನ ಆಕ್ಸಲ್‌ನ ಪಾರ್ಟ್ ನಂಬರ್ ಯಾವ ಬಗೆಯದ್ದು ನೋಡಿ ಹೇಳುತ್ತೀರಾ ಎಂದು ಕೇಳಿದೆ. ಅವರು ಕನ್ನಡಕ ಏರಿಸಿಕೊಂಡು ಕಂಪ್ಯೂಟರಿನಲ್ಲಿ ನೋಡಿ, "ಇದು ಸಾದಾ ಹೌಸಿಂಗ್ ಸ್ವಾಮಿ, ಲಾಕ್ ಇರೋದರ ನಂಬರೇ ಬೇರೆ" ಎಂದರು. ಮಾರಾಟ ವಿಭಾಗದವರಿಗೆ ಗೊತ್ತಿರದ ಅನೇಕ ಸಂಗತಿಗಳು ಬಿಡಿಭಾಗಗಳ ಕೌಂಟರಿನವರಿಗೆ ಗೊತ್ತಿರುತ್ತವೆ, ಏಕೆಂದರೆ ತಪ್ಪು ಭಾಗ ತರಿಸಿದರೆ ಅದನ್ನು ಹಿಂದಿರುಗಿಸುವ ತಲೆನೋವು ಅವರದೇ. ಇಮೇಲ್ ಕೈಯಲ್ಲಿದ್ದುದರಿಂದ ಮುಂದೆ ವಾದಕ್ಕೆ ಎಡೆ ಇರಲಿಲ್ಲ. ಆ ಗಾಡಿಯನ್ನು ಬಿಟ್ಟು, ಲಾಕ್ ಇರುವ ಇನ್ನೊಂದು ಚಾಸಿ ಬರುವವರೆಗೆ ಕಾಯುವುದೆಂದು ತೀರ್ಮಾನವಾಯಿತು.

ಎರಡನೆಯ ಗಾಡಿಯ ಇನ್‌ವಾಯ್ಸ್‌ನಲ್ಲಿ ಆ ಮೂರಕ್ಷರ ಇತ್ತು, ಪಾರ್ಟ್ ನಂಬರೂ ಸರಿಹೊಂದಿತು. ಆದರೂ ಕಬ್ಬಿಣವನ್ನೇ ಮುಟ್ಟಿ ನೋಡದೆ ದುಡ್ಡು ಕಟ್ಟಬಾರದು ಎಂದು ನಾನು ಹಟ ಹಿಡಿದೆ. ಇದಕ್ಕೆ ಬೇಕಾದದ್ದು ನಾಲ್ಕೂ ಚಕ್ರ ನೆಲಬಿಡುವಂತೆ ಗಾಡಿಯನ್ನು ಎತ್ತುವ ಒಂದು ಲಿಫ್ಟ್ ಮತ್ತು ಹತ್ತು ನಿಮಿಷದ ಸಮಯ, ಅಷ್ಟೆ. ಡೆಲಿವರಿಗೆ ಮೊದಲು ಪಿಡಿಐ ತಪಾಸಣೆಗೆಂದು ಗಾಡಿಯನ್ನು ಹೇಗೂ ವರ್ಕ್‌ಶಾಪಿಗೆ ತರುತ್ತಾರೆ, ಆಗ ಕೇಳಿಕೊಂಡರೆ ಯಾರೂ ಇಲ್ಲ ಎನ್ನುವುದಿಲ್ಲ.

ಪರೀಕ್ಷೆಯ ಕ್ರಮ ಹೀಗಿದೆ. ಲಿಫ್ಟ್ ಏರಿಸುವ ಮೊದಲೇ ಎಂಜಿನ್ ನಿಲ್ಲಿಸಿ, ಕೀ ತೆಗೆದು, ಫೋರ್ ವೀಲ್ ಹಾಕುವ ಟ್ರಾನ್ಸ್‌ಫರ್ ಕೇಸಿನ ಲಿವರನ್ನು 2ಎಚ್‌ನಲ್ಲಿ, ಅಂದರೆ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಸ್ಥಾನದಲ್ಲಿ ಇಟ್ಟು, ಗೇರನ್ನು ಒಂದನೆಯದಕ್ಕೆ ಹಾಕಿ, ಹ್ಯಾಂಡ್ ಬ್ರೇಕ್ ಬಿಡಬೇಕು. ಗೇರಿನಲ್ಲಿರುವುದರಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ತಿರುಗುವುದಿಲ್ಲ, ಹ್ಯಾಂಡ್ ಬ್ರೇಕ್ ಬಿಟ್ಟಿರುವುದರಿಂದ ಹಿಂದಿನ ಬ್ರೇಕ್ ಡ್ರಮ್‌ಗಳು ಸಡಿಲವಾಗಿರುತ್ತವೆ. ಈಗ ಹಿಂದಿನ ಒಂದು ಚಕ್ರವನ್ನು ಎರಡೂ ಕೈಯಿಂದ ಹಿಡಿದು ನಿಧಾನವಾಗಿ ತಿರುಗಿಸಿದರೆ ಆಚೆ ಬದಿಯ ಚಕ್ರ ಅದರ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಇದು ಸಾಧಾರಣ ಹೌಸಿಂಗ್‌ನಲ್ಲೂ ಹೀಗೆಯೇ, ಎಂಎಲ್‌ಡಿ ಇರುವ ಹೌಸಿಂಗ್‌ನಲ್ಲೂ ಹೀಗೆಯೇ. ಆದ್ದರಿಂದ ಇಲ್ಲಿಗೆ ನಿಲ್ಲಿಸಿ ಲಾಕ್ ಇಲ್ಲ ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. ನಂತರ ಅದೇ ಚಕ್ರವನ್ನು ಬಲವಾಗಿ, ಒಂದೇ ಏಟಿಗೆ ರಭಸದಿಂದ ತಿರುಗಿಸಬೇಕು. ಎರಡು ಚಕ್ರಗಳು ಎದುರುಬದರು ತಿರುಗುತ್ತಿರುವುದರಿಂದ ಅವುಗಳ ನಡುವಿನ ಅಂತರ ಒಂದು ಚಕ್ರದ ವೇಗದ ಎರಡರಷ್ಟಾಗುತ್ತದೆ, ಅಂದರೆ ಸೆಕೆಂಡಿಗೆ ಒಂದು ಸುತ್ತಿಗಿಂತ ತುಸು ಕಡಿಮೆ ವೇಗ ಬಂದರೂ ನಿಮಿಷಕ್ಕೆ 100 ಸುತ್ತಿನ ಮಿತಿ ಮುಟ್ಟುತ್ತದೆ. ಲಾಕ್ ಇದ್ದರೆ ಒಳಗಿನಿಂದ ಟಕ್ ಎಂಬ ಸ್ಪಷ್ಟ ಸದ್ದು ಬಂದು ಚಕ್ರ ಕೈಯಲ್ಲೇ ಗಕ್ಕನೆ ನಿಂತುಬಿಡುತ್ತದೆ. ಲಾಕ್ ಇಲ್ಲದಿದ್ದರೆ ಎಷ್ಟು ಜೋರಾಗಿ ಬೀಸಿದರೂ ಅದು ಸುತ್ತುತ್ತಲೇ ಇರುತ್ತದೆ.

ಎಂಜಿನ್ ನಿಲ್ಲಿಸಿ ಕೀ ತೆಗೆದಿರಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬ್ರೇಕ್ ಆಧಾರಿತ ವ್ಯವಸ್ಥೆಗೆ ವಿದ್ಯುತ್ತು, ಸೆನ್ಸರ್, ಎಬಿಎಸ್ ಪಂಪು ಎಲ್ಲವೂ ಬೇಕು. ಕೀ ತೆಗೆದ ಗಾಡಿಯಲ್ಲಿ ಅದು ಕೆಲಸ ಮಾಡಲು ಸಾಧ್ಯವೇ ಇಲ್ಲ. ಹಾಗಿದ್ದೂ ಚಕ್ರ ಹಿಡಿದು ನಿಂತಿತೆಂದರೆ ಹಿಡಿದದ್ದು ಹೌಸಿಂಗ್‌ನ ಒಳಗಿನ ಕಬ್ಬಿಣವೇ. ಯಾರ ಮಾತನ್ನೂ ಯಾವ ಕಾಗದವನ್ನೂ ನೆಚ್ಚಿಕೊಳ್ಳದೆ ಉತ್ತರ ಕೊಡುವ ಪರೀಕ್ಷೆ ಎಂಬ ಕಾರಣಕ್ಕೆ ನನಗೆ ಇದರ ಮೇಲೆ ಹೆಚ್ಚಿನ ಗೌರವ.

ಆ ದಿನ ಲಿಫ್ಟಿನ ಬಳಿ ಇದ್ದ ಮೆಕ್ಯಾನಿಕ್ ವಯಸ್ಸಿನಲ್ಲಿ ನನಗಿಂತ ಬಹಳ ಕಿರಿಯರು, ಆದರೆ ಕೈಪಳಗಿದವರು. ಹೊಸ ಟೈರಿನ ಮೇಲಿನ ರಬ್ಬರ್ ಕೂದಲುಗಳು ಇನ್ನೂ ಉದುರಿರಲಿಲ್ಲ, 255/65 ಆರ್18 ಅಳತೆಯ ಆ ಟೈರು ತೂಕವಾಗಿಯೂ ಇತ್ತು. ನನ್ನ ಮೊದಲ ಬೀಸಿಗೆ ಚಕ್ರ ಸುಮ್ಮನೆ ಸುತ್ತಿ ನಿಂತಿತು. ಅವರು, "ಸಾರ್, ಭುಜದಿಂದ ಎಳೀರಿ, ಮಣಿಕಟ್ಟಿಂದ ಆಗಲ್ಲ" ಎಂದು ಹೇಳಿ, ಟೈರಿನ ಮೇಲಂಚನ್ನು ಹಿಡಿದು ಮೈಭಾರವನ್ನೆಲ್ಲ ಹಾಕಿ ಕೆಳಕ್ಕೆ ಸೆಳೆದರು. ಅರ್ಧ ಸುತ್ತೂ ಮುಗಿಯುವ ಮೊದಲೇ ಹೌಸಿಂಗ್‌ನಿಂದ ಸದ್ದು ಬಂದು ಚಕ್ರ ನಿಂತಿತು. ಆಚೆ ಬದಿಯ ಚಕ್ರವನ್ನು ಹಗುರವಾಗಿ ಸೋಕಿಕೊಂಡು ನಿಂತಿದ್ದ ನನ್ನ ಅಂಗೈಗೂ ಆ ಹೊಡೆತ ತಾಕಿತು. ಆಮೇಲೆ ಅವರು ಚಕ್ರವನ್ನು ಹಿಂದಕ್ಕೆ ತುಸು ತಿರುಗಿಸಿದರು, ಲಾಕ್ ಬಿಟ್ಟುಕೊಂಡಿತು, ಮತ್ತೆ ಮೊದಲಿನಂತೆ ನಿಧಾನಕ್ಕೆ ತಿರುಗತೊಡಗಿತು. ಇನ್ನೊಂದು ಬದಿಯಿಂದಲೂ ಹೀಗೆಯೇ ಮಾಡಿ ನೋಡಿದೆವು. ಚಾಸಿ ನಂಬರಿನ ಫಲಕದಿಂದ ಆರಂಭಿಸಿ ಚಕ್ರದವರೆಗೆ ಕತ್ತರಿಸದೆ ಒಂದೇ ವಿಡಿಯೊ ಮಾಡಿಸಿಕೊಂಡೆ. ಮುಂದೆಂದಾದರೂ ವಾರಂಟಿಯ ಮಾತು ಬಂದರೆ ಇಂಥ ವಿಡಿಯೊ ಬೇಕಾಗುತ್ತದೆ.

ಆಟೊಮ್ಯಾಟಿಕ್ ಗೇರಿನ ಗಾಡಿಯಾದರೆ ಒಂದನೆಯ ಗೇರಿನ ಬದಲು ಪಾರ್ಕ್‌ನಲ್ಲಿ ಇಡಬೇಕು. ಲಿಫ್ಟ್ ಇಲ್ಲದ ಕಡೆ ಜ್ಯಾಕ್ ಹಾಕಿ ಹಿಂದಿನ ಎರಡು ಚಕ್ರಗಳನ್ನಷ್ಟೇ ಎತ್ತಿ ಈ ಪ್ರಯೋಗ ಮಾಡಬಾರದು. ಹ್ಯಾಂಡ್ ಬ್ರೇಕ್ ಬಿಟ್ಟ ಗಾಡಿಯ ಚಕ್ರವನ್ನು ಮೈಭಾರ ಹಾಕಿ ಸೆಳೆಯುವಾಗ ಅದು ಜ್ಯಾಕಿನಿಂದ ಜಾರಿದರೆ ಪ್ರಾಣಕ್ಕೆ ಸಂಚಕಾರ.

ಥಾರ್‌ನಲ್ಲಿ ನೋಡಬೇಕಾದ ಉಳಿದ ಸಂಗತಿಗಳು ಸುಲಭ. ಫಾರ್ಮ್ 21ರಲ್ಲಿ ಸಿಸಿ 2184 ಎಂದಿದ್ದರೆ 2.2 ಲೀಟರ್ ಡೀಸೆಲ್, 1497 ಎಂದಿದ್ದರೆ ಫೋರ್ ವೀಲ್ ಇಲ್ಲದ ಚಿಕ್ಕ ಡೀಸೆಲ್. ಗೇರ್ ಲಿವರಿನ ಪಕ್ಕ 2ಎಚ್, 4ಎಚ್, ಎನ್, 4ಎಲ್ ಎಂಬ ಗುರುತಿನ ಎರಡನೆಯ ಲಿವರ್ ಇದೆಯೇ ಎಂದು ನೋಡುವುದು, ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳಿಂದ ಅದು ಯಾವ ವರ್ಷದ ಎಷ್ಟನೆಯ ವಾರದ್ದೆಂದು ಓದುವುದು, ಸ್ಟೆಪ್ನಿಯೂ ಅದೇ ಅಳತೆಯದೇ ಎಂದು ನೋಡುವುದು, ಇವಕ್ಕೆ ಯಾರ ಸಹಾಯವೂ ಬೇಡ.

ಇದಕ್ಕಿಂತ ಮುಖ್ಯವಾದದ್ದು ಯಾವ ಕೆಲಸದ ನಂತರ ಯಾವ ಕೆಲಸ ಎಂಬ ಕ್ರಮ. ಶೋರೂಮುಗಳಲ್ಲಿ ಸಾಮಾನ್ಯವಾಗಿ ಮೊದಲು ಪೂರ್ತಿ ದುಡ್ಡು, ನಂತರ ವಿಮೆ, ನಂತರ ತೆರಿಗೆ ಮತ್ತು ನೋಂದಣಿ, ಎಲ್ಲ ಮುಗಿದ ಮೇಲೆ ಹಾರ ಹಾಕಿದ ಗಾಡಿಯನ್ನು ತೋರಿಸುವುದು ರೂಢಿ. ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಚಾಸಿ ನಂಬರು ಅಲಾಟ್ ಆದ ಕೂಡಲೇ ಯಾರ್ಡಿಗೋ ವರ್ಕ್‌ಶಾಪಿಗೋ ಹೋಗಿ ಅದೇ ನಂಬರಿನ ಗಾಡಿಯನ್ನು ಪರೀಕ್ಷಿಸಬೇಕು, ಒಪ್ಪಿಗೆಯಾದ ಮೇಲೆಯೇ ಬ್ಯಾಂಕಿಗೆ ಸಾಲದ ಹಣ ಬಿಡುಗಡೆ ಮಾಡಲು ಹೇಳಬೇಕು. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷ ರೂಪಾಯಿಯೊಳಗಿನ ಕಾರಿಗೆ ಜೀವಿತಾವಧಿ ತೆರಿಗೆ ಶೇಕಡ 17, ಅದರ ಮೇಲೆ ಸೆಸ್ ಬೇರೆ. 15 ಲಕ್ಷದ ಗಾಡಿಗೆ ತೆರಿಗೆಯೇ ಎರಡೂವರೆ ಲಕ್ಷ ಮೀರುತ್ತದೆ. ಒಮ್ಮೆ ನಮ್ಮ ಹೆಸರಿಗೆ ನೋಂದಣಿಯಾದರೆ ಆ ಗಾಡಿ ಒಂದು ಕಿಲೋಮೀಟರ್ ಓಡದಿದ್ದರೂ ಇನ್ನೊಬ್ಬರ ಪಾಲಿಗೆ ಸೆಕೆಂಡ್ ಹ್ಯಾಂಡ್. ಆದ್ದರಿಂದಲೇ ನೋಂದಣಿಗೆ ಮೊದಲು ಬೇರೆ ಚಾಸಿ ಕೊಡಿ ಎಂದರೆ ಒಪ್ಪುವ ಶೋರೂಮು ನಂತರ ಒಪ್ಪುವುದು ಕಷ್ಟ. ಆಮೇಲೆ ಹೊರಗಡೆ ಲಾಕ್ ತರಿಸಿ ಕೂರಿಸಿಕೊಳ್ಳಬಹುದಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಹೌಸಿಂಗ್ ಬಿಚ್ಚಿ ಒಳಗಿನ ಕ್ರೌನ್ ಪಿನಿಯನ್ ಹಲ್ಲುಚಕ್ರಗಳನ್ನು ಹೊಂದಿಸುವ ಕೆಲಸ ಎಲ್ಲ ಕೈಗಳಿಗೂ ಒಗ್ಗುವಂಥದ್ದಲ್ಲ, ಆಕ್ಸಲ್‌ನ ವಾರಂಟಿಯೂ ತಕರಾರಿಗೆ ಬೀಳುತ್ತದೆ.

ನೋಂದಣಿಯ ನಂತರ ಲಾಕ್ ಇಲ್ಲವೆಂದು ತಿಳಿದರೂ ದಾರಿ ಮುಚ್ಚಿಹೋಗುವುದಿಲ್ಲ. ಹಣ ಪಡೆದು, ಬರಹದಲ್ಲಿ ಒಪ್ಪಿಕೊಂಡ ಭಾಗವನ್ನು ಕೊಡದಿರುವುದರ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಜಿಲ್ಲಾ ಆಯೋಗದಲ್ಲಿಯೇ ನಡೆಯುತ್ತದೆ, ಮತ್ತು ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ ಅದನ್ನು ಸಲ್ಲಿಸಬಹುದು. ಗಾಡಿ ಬದಲಿಸಿಕೊಡಲು, ಹಣ ಹಿಂದಿರುಗಿಸಲು, ಪರಿಹಾರ ಕೊಡಲು ಆದೇಶಿಸುವ ಅಧಿಕಾರ ಆಯೋಗಕ್ಕಿದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿದರೆ, ಕೆಲವೊಮ್ಮೆ ಆಯೋಗದವರೆಗೆ ಹೋಗದೆಯೇ ಮಾತುಕತೆಯಲ್ಲಿ ಬಗೆಹರಿಯುತ್ತದೆ. ಎಲ್ಲಿಗೆ ಹೋದರೂ ಕೇಳುವುದು ಬುಕ್ಕಿಂಗ್ ಫಾರ್ಮು, ಎಂಎಲ್‌ಡಿ ಸಹಿತ ಎಂದು ಒಪ್ಪಿದ ಇಮೇಲ್, ಟ್ಯಾಕ್ಸ್ ಇನ್‌ವಾಯ್ಸ್, ಆ ತಿಂಗಳ ಬ್ರೋಷರ್, ಮತ್ತು ಚಕ್ರ ನಿಲ್ಲದೆ ಸುತ್ತುತ್ತಿರುವ ವಿಡಿಯೊ. ನನ್ನ ಬಳಿಯ ಪ್ರತಿಗಳನ್ನು ಆರ್‌ಸಿ ಮತ್ತು ವಿಮೆಯ ಕಾಗದಗಳ ಜೊತೆ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ. ಮುಂದೆ ಗಾಡಿ ಮಾರುವಾಗ ಕೊಳ್ಳುವವರೂ ಇದೇ ಪ್ರಶ್ನೆ ಕೇಳುತ್ತಾರೆ.